ಸಂಶಿಯ ಬ್ರೆಜಿಲ್ ಬೀಟೆ

ಸಂಶಿಯ ಬಸ್‌ಸ್ಟ್ಯಾಂಡಿನ ಎದುರು ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಕಾಶಿನಾಥ ಬೆಳಗಿನಿಂದ ಸಂಜೆಯವರೆಗೆ ಉತ್ತರಿಸಬೇಕಾದ ಪ್ರಶ್ನೆ ಒಂದೇ: ‘ಒರಿಜಿನಲ್ ಐತೇನ್ರಿ ಇದು?’ ಹೆಸರಿನ ಬೀಜವಿರಲಿ, ಹತ್ತಿಗೆ ಹೊಡೆಯುವ ಎಣ್ಣೆಯಿರಲಿ, ಅವನ ಉತ್ತರವೂ ಒಂದೇ: ‘ಅಗದಿ ಒರಿಜಿನಲ್.’ ವರ್ಷಗಟ್ಟಲೆ ಹೀಗೆ ಹೇಳಿದವನಿಗೆ ಆ ಶಬ್ದದ ಮೇಲೆ ಒಂದು ಬಗೆಯ ವಹಿವಾಟಿನ ಹಕ್ಕು ಬಂದುಬಿಡುತ್ತದೆ. ಆದ್ದರಿಂದ ಒಂದು ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ ಅವನ ಮೊಬೈಲಿನೊಳಗೆ ಗಡ್ಡದ ವಿದೇಶೀಯನೊಬ್ಬ ಪ್ರತ್ಯಕ್ಷನಾಗಿ, ಹಳೆಯ ಇಲೆಕ್ಟ್ರಿಕ್ ಗಿಟಾರೊಂದನ್ನು ಬಿಚ್ಚುತ್ತ, ಯಾವ ಭಾಗ ಮೂಲದ್ದು, ಯಾವುದು ಆಮೇಲೆ ಯಾರೋ ಹಚ್ಚಿದ್ದು, ಯಾವ ಕಟ್ಟಿಗೆ ಯಾವ ದೇಶದ್ದು ಎಂದು ವಿವರಿಸತೊಡಗಿದಾಗ, ಇದು ತನಗೆಂದೇ ಕಳಿಸಿದ ಸಂದೇಶವೆಂದು ಕಾಶಿನಾಥ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಗಡ್ಡದವನ ಇಂಗ್ಲಿಷ್ ಅವನಿಗೆ ಕಾಲುಭಾಗ ತಿಳಿಯಿತು. ಉಳಿದ ಮುಕ್ಕಾಲನ್ನು ಅವನು ತಾನೇ ತುಂಬಿಕೊಂಡ.

ಏಕೆಂದರೆ ಅವನ ಮನೆಯಲ್ಲಿ ಅಂಥದೊಂದು ಗಿಟಾರಿತ್ತು. ತೀರಿಕೊಂಡ ತಂದೆ ಈರಭದ್ರಪ್ಪ ಹರೆಯದಲ್ಲಿ ಮದುವೆಗಳಿಗೆ, ಗಣಪತಿ ಹಬ್ಬಕ್ಕೆ ಹೋಗುತ್ತಿದ್ದ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರು ಬಾರಿಸುತ್ತಿದ್ದರು. ಹುಬ್ಬಳ್ಳಿಯ ರೈಲ್ವೆ ಡ್ರೈವರ್ ಸಾಹೇಬನೊಬ್ಬ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವನಿಂದ ಕೊಂಡದ್ದು. ಕೊಂಡದ್ದು ಯಾವುದರಿಂದ ಎಂದರೆ ಹೆಂಡತಿ ಶಾರದವ್ವನ ಕೈಯ ಬಂಗಾರದ ಪಾಟ್ಲಿಗಳಿಂದ. ‘ಅಮೆರಿಕಾದ್ದು, ಒರಿಜಿನಲ್’ ಎಂದು ಅವರು ಕೊರಳ ಲಿಂಗ ಮುಟ್ಟಿ ಹೇಳಿದರು. ಶಾರದವ್ವ ನಂಬಿ ಪಾಟ್ಲಿ ಬಿಚ್ಚಿಕೊಟ್ಟಳು. ನಂಬದೇ ಇದ್ದವಳು ಅಣ್ಣಿಗೇರಿಯಲ್ಲಿದ್ದ ಅವಳ ಅಕ್ಕ. ‘ಬಂಗಾರ ಕೊಟ್ಟು ಕಟಿಗಿ ತಂದಾನ ನಿನ್ನ ಗಂಡ’ ಎಂದು ಆಕೆ ಮೊದಲ ಸಲ ಅಂದದ್ದು ಗಿಟಾರು ಮನೆಗೆ ಬಂದ ವಾರದಲ್ಲಿ. ಆಮೇಲೆ ನಲವತ್ತು ಚಿಲ್ಲರೆ ವರ್ಷ, ಯಾವ ಮದುವೆ, ಯಾವ ತೊಟ್ಟಿಲು, ಯಾವ ದಿನಕರ್ಮವನ್ನೂ ಬಿಡದೆ ಅದನ್ನೇ ಅಂದಳು. ಗಂಡ ಸತ್ತ ಮೇಲೂ ಶಾರದವ್ವ ಗಿಟಾರನ್ನು ನಡುಮನೆಯ ಗೂಟದಿಂದ ಇಳಿಯಗೊಡಲಿಲ್ಲ. ಮಾರುವ ಆಸೆ ಅವಳಿಗೆ ಇರಲಿಲ್ಲ. ಗಂಡ ಸುಳ್ಳು ಹೇಳಿರಲಿಲ್ಲವೆಂದು ಒಮ್ಮೆ ಯಾರಾದರೂ, ಅಕ್ಕನ ಕಿವಿಗೆ ಬೀಳುವಂತೆ, ಹೇಳಬೇಕಾಗಿತ್ತು.

ಮಗ ತಾನು ಗಿಟಾರನ್ನು ಪರೀಕ್ಷೆ ಮಾಡುವುದಾಗಿ ಸಾರಿದಾಗ ಅವಳು ಜೋಳ ಹಸನು ಮಾಡುತ್ತಿದ್ದ ಮೊರವನ್ನು ಬದಿಗಿಟ್ಟು ಅಂದದ್ದು ಇಷ್ಟೇ: “ಲಗೂನ ಮಾಡು. ಅಕ್ಕಗ ಫೋನ್ ಹಚ್ಚೂದೈತಿ.”

ಪರೀಕ್ಷೆಗೆ ಮೊದಲ ಅಡ್ಡಿ ಬಣ್ಣದ್ದು. ನಮ್ಮ ಕಡೆ ಆಯುಧಪೂಜೆಗೆ ಕಸುಬಿನ ಸಾಮಾನಿಗೆಲ್ಲ ಬಣ್ಣ ಬೀಳಬೇಕು. ಈರಭದ್ರಪ್ಪ ಚಕ್ಕಡಿಗೆ ಬಣ್ಣ ಹೊಡೆದು ಡಬ್ಬಿಯಲ್ಲಿ ಉಳಿದದ್ದನ್ನು ಪ್ರತಿ ವರ್ಷ ಭಕ್ತಿಯಿಂದ ಗಿಟಾರಿಗೆ ಬಳಿಯುತ್ತಿದ್ದರು. ಮೂಲ ಬಣ್ಣವೇ ಗಿಟಾರಿನ ಪ್ರಾಣವೆಂದು ಗಡ್ಡದವನು ಹೇಳಿದ್ದನಾದ್ದರಿಂದ ಕಾಶಿನಾಥ ಬ್ಲೇಡು ತೆಗೆದುಕೊಂಡು ಒಂದು ಮೂಲೆಯಲ್ಲಿ ಕೆರೆದ. ಹಸಿರಿನ ಕೆಳಗೆ ಕೆಂಪು ಬಂತು, ಕೆಂಪಿನ ಕೆಳಗೆ ನೀಲಿ. ಆ ನೀಲಿ ತಮ್ಮ ತಲಬಾಗಿಲಿನದೆಂದು ಅವನ ಹೆಂಡತಿ ನೇತ್ರಾ ಗುರುತಿಸಿದಳು. ಕಾಶಿನಾಥ ಎದೆಗುಂದಲಿಲ್ಲ. ಅಮೆರಿಕದ ಕಂಪನಿಯವರೂ ಒಂದು ಬಣ್ಣದ ಮೇಲೆ ಇನ್ನೊಂದು ಹಚ್ಚುತ್ತಿದ್ದರಂತೆ ಎಂದ. ತಲಬಾಗಿಲಿಗೆ ಅಮೆರಿಕದವರು ಯಾವಾಗ ಬಂದು ಹಚ್ಚಿದರೆಂದು ನೇತ್ರಾ ಕೇಳಿದಳು.

ಮುಂದಿನದು ಬಿಡಿಭಾಗ. ತಂತಿ ಬಿಗಿಯುವ ಕಿವಿಗಳು ಗಡ್ಡದವನ ಗಿಟಾರಿನಲ್ಲಿ ಎಲ್ಲವೂ ಒಂದೇ ನಮೂನೆ ಇದ್ದವು. ಇಲ್ಲಿ ನಾಲ್ಕು ಒಂದು ನಮೂನೆ, ಎರಡು ಇನ್ನೊಂದು. ಗಡ್ಡದವನದು ಕಡಿಮೆ ದರ್ಜೆಯ ಮಾಲು ಇರಬೇಕೆಂದು ಕಾಶಿನಾಥ ತೀರ್ಮಾನಿಸಿದ. ಸ್ವರ ಏರಿಸಿ ಇಳಿಸುವ ಗುಂಡಿಯ ಸುತ್ತ ‘ಮೀಡಿಯಂ ವೇವ್’ ಎಂದು ಬರೆದಿತ್ತು. ಧ್ವನಿಯೆಂದರೆ ಅಲೆಯೇ ಅಲ್ಲವೇ, ಶಾಸ್ತ್ರ ತಿಳಿದವರು ಮಾಡಿದ್ದು ಎಂದು ಮೆಚ್ಚಿಕೊಂಡ. ಒಳಗಿನ ವೈರುಗಳ ಬೆಸುಗೆ ಗೋಲಿಯಷ್ಟು ದಪ್ಪಗಿತ್ತು. ಅಮೆರಿಕದವರು ಮಾಲಿನಲ್ಲಿ ಜುಗ್ಗತನ ಮಾಡುವುದಿಲ್ಲ. ತಂತಿಯ ಕೆಳಗಿನ ಬಿಳಿ ಪ್ಲಾಸ್ಟಿಕ್ ತಗಡನ್ನು ಬಿಚ್ಚಿ ತಿರುವಿ ನೋಡಿದಾಗ ಮಾತ್ರ, ಅದರ ಹಿಂದೆ ‘ಇಲ್ಲಿ ಉಗುಳಬೇಡಿ’ ಎಂದು ಕನ್ನಡದಲ್ಲಿ ಬರೆದಿತ್ತು. ಇದನ್ನು ಕಾಶಿನಾಥ ಯಾರಿಗೂ ತೋರಿಸದೆ ಮರಳಿ ಕೂಡಿಸಿ ಸ್ಕ್ರೂ ಬಿಗಿದ.

ಮರುದಿನ ಗಿಟಾರು ಅಂಗಡಿಗೆ ಬಂತು. ಗೊಬ್ಬರದ ಚೀಲಗಳ ಮೇಲೆ ಅದನ್ನು ಮಲಗಿಸಿ ಕಾಶಿನಾಥ ಬಂದವರಿಗೆಲ್ಲ ಪಾಠ ಹೇಳಿದ. ಕೇಳಿದವರಲ್ಲಿ ಮಾಬುಸಾಬನೂ ಇದ್ದ. ಈರಭದ್ರಪ್ಪನ ಆರ್ಕೆಸ್ಟ್ರಾದಲ್ಲಿ ಡ್ರಮ್ಮು ಬಡಿಯುತ್ತಿದ್ದವನು, ಈಗ ಮಿಕ್ಸರು, ಮೈಕುಗಳ ದುರಸ್ತಿ ಮಾಡುತ್ತಾನೆ. ಊರಲ್ಲಿ ತನ್ನಂಥ ಕಸುಬುಗಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದು ಕಷ್ಟ ಎಂದು ಬಲವಾಗಿ ನಂಬಿದವನು. ಆ ಗೋಲಿಯಂಥ ಬೆಸುಗೆ, ರೇಡಿಯೋದ ಗುಂಡಿ, ಆ ತಗಡು ಎಲ್ಲವೂ ಕಾಲಕಾಲಕ್ಕೆ ಅವನೇ ಹಾಕಿದ್ದು. ‘ಇಂಥಾ ಕೈಗೆಲಸ ಹಿಂದೂಸ್ತಾನದಾಗ ಸಾಧ್ಯ ಇಲ್ಲ’ ಎಂದು ಕಾಶಿನಾಥ ಬೆಸುಗೆಯನ್ನು ತೋರಿಸಿ ಹೇಳಿದಾಗ ಮಾಬುಸಾಬನಿಗೆ ಆದ ಆನಂದವನ್ನು ವರ್ಣಿಸುವುದು ಕಷ್ಟ. ನಿಜ ಹೇಳಿ ಅದನ್ನು ಕೆಡಿಸಿಕೊಳ್ಳುವಷ್ಟು ದಡ್ಡ ಅವನಲ್ಲ. ಇನ್ನೊಮ್ಮೆ ಹೇಳೆಂದು ಕೇಳಿಕೊಂಡು ಚಹಾ ತರಿಸಿದ.

ಉಳಿದದ್ದು ಕಟ್ಟಿಗೆ. ಹಳೆಯ ಒಳ್ಳೆಯ ಗಿಟಾರುಗಳಿಗೆ ಬ್ರೆಜಿಲ್ ದೇಶದ ಬೀಟೆ ಮರ ಹಾಕುತ್ತಿದ್ದರೆಂದು ಗಡ್ಡದವನು ಹೇಳಿದ್ದ. ಬಣ್ಣ ಬೀಳದೆ ಉಳಿದದ್ದು ಗಿಟಾರಿನ ಕುತ್ತಿಗೆಯ ಮೇಲಿನ ಕಪ್ಪು ಪಟ್ಟಿಯೊಂದೇ. ಬೆರಳು ಒತ್ತುವ ಜಾಗ ಅದು. ಅದನ್ನು ಗುರುತಿಸಲು ಮಡಿವಾಳೆಪ್ಪನನ್ನು ಕರೆಸಲಾಯಿತು. ಮಡಿವಾಳೆಪ್ಪ ಒಂದು ಕಾಲಕ್ಕೆ ಗುಡಗೇರಿಯಲ್ಲಿ ಕಟ್ಟಿಗೆ ಅಡ್ಡೆ ಇಟ್ಟಿದ್ದವನು. ಅಡ್ಡೆ ಮುಚ್ಚಿ ವರ್ಷಗಳಾದವು, ನಾಲಿಗೆ ಇನ್ನೂ ತೆರೆದೇ ಇದೆ. ಅವನು ಕಟ್ಟಿಗೆಯನ್ನು ರುಚಿಯಿಂದ ಹೇಳುತ್ತಾನೆ. ಉಗುರಿನಿಂದ ಪಟ್ಟಿಯನ್ನು ಕೆರೆದು, ಪುಡಿಯನ್ನು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತ.

“ಬೀಟಿ” ಎಂದ.

ಯಾವ ಕಡೆಯದು ಎಂದು ಕಾಶಿನಾಥ ಕೇಳಿದ. ಈ ಕಡೆಯದಲ್ಲ ಎಂದು ಮಡಿವಾಳೆಪ್ಪ ಹೇಳಿದ. ಬ್ರೆಜಿಲಿನದೇ ಎಂದು ಕಾಶಿನಾಥ ಕೇಳಿದ. ಬ್ರೆಜಿಲ್ ಎಂಬ ಊರಿನ ಹೆಸರನ್ನು ಮಡಿವಾಳೆಪ್ಪ ಆ ದಿನ ಮೊದಲ ಸಲ ಕೇಳಿದ್ದಿರಬೇಕು. ಆದರೂ ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಹೌದು, ಅಲ್ಲಿಯದೇ ಎಂದು ಖಚಿತಪಡಿಸಿದ.

ಅಣ್ಣಿಗೇರಿಗೆ ಫೋನು ಹೋಯಿತು. ಅಕ್ಕನಿಗೆ ಕಿವಿ ಮಂದವಾದ್ದರಿಂದ ಶಾರದವ್ವ ಮಾತಾಡಿದ್ದು ಓಣಿಗೆಲ್ಲ ಕೇಳಿತು. ಯಾರು ಹೇಳಿದರೆಂದು ಅಕ್ಕ ಕೇಳಿದಳು. ಮಡಿವಾಳೆಪ್ಪನ ಹೆಸರು ಹೇಳುತ್ತಲೇ ಆಕೆ ನಕ್ಕಳು. ಅವನು ತಮ್ಮ ಮನೆಯ ಚೌಕಟ್ಟಿಗೆ ಸಾಗವಾನಿಯೆಂದು ಬೇವು ಕೊಟ್ಟವನೆಂದು ನೆನಪಿಸಿದಳು. “ಸರಕಾರದಾಂವ ಯಾವನರ ಬಂದು ಬೀಟಿ ಅಂತ ಹೇಳಲಿ, ಆವಾಗ ನಂಬ್ತೇನಿ” ಎಂದು ಫೋನಿಟ್ಟಳು.

ಸರಕಾರದವನನ್ನು ಕರೆಸುವ ಕೆಲಸವನ್ನು ಕಾಶಿನಾಥ ತನಗರಿವಿಲ್ಲದೆಯೇ ಆಗಲೇ ಮಾಡಿಯಾಗಿತ್ತು. ಬ್ರೆಜಿಲಿನ ಬೀಟೆಯನ್ನು ಈಗ ಕಡಿಯುವಂತಿಲ್ಲ, ಕಾಗದಪತ್ರವಿಲ್ಲದೆ ದೇಶ ದಾಟಿಸುವಂತಿಲ್ಲ ಎಂದು ಗಡ್ಡದವನು ಹೇಳಿದ್ದ. ಇದನ್ನು ಕಾಶಿನಾಥ ಬಹಳ ಹೆಮ್ಮೆಯಿಂದ ಗಿರಾಕಿಗಳಿಗೆ ಹೇಳುತ್ತಿದ್ದ: “ಸಾದಾ ಮಾಲಲ್ಲ, ನಿಷೇಧಿತ ಮಾಲು. ಹೊರಗಿನ ದೇಶದಾಗ ಇದ್ದಿದ್ರ ಇಷ್ಟೊತ್ತಿಗೆ ನನ್ನ ಮ್ಯಾಲ ಕೇಸ್ ಆಗತಿತ್ತು.” ಹೊರಗಿನ ದೇಶದಲ್ಲಿ ಕೇಸು ಆಗಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಬೇಸರವಿದ್ದಂತೆಯೂ ಕಾಣುತ್ತಿತ್ತು. ಮಾತು ಗುಡಗೇರಿಯ ಸಂತೆಗೆ ಹೋದಾಗ ಕಾಶಿನಾಥನ ಮನೆಯಲ್ಲಿ ಬೀಟೆಯ ತೊಲೆಗಳಿದ್ದವು. ಯಮನೂರಿಗೆ ಮುಟ್ಟುವ ಹೊತ್ತಿಗೆ ಒಂದು ಲಾರಿ ಇತ್ತು. ಅಲ್ಲಿಂದ ತಿರುಗಿ ಬರುವಾಗ ಲಾರಿಗೆ ಡ್ರೈವರನೂ ಸಿಕ್ಕಿದ್ದ, ಅವನು ಪರಾರಿಯೂ ಆಗಿದ್ದ.

ಹೀಗಾಗಿ ಒಂದು ಬೆಳಗ್ಗೆ ಫಾರೆಸ್ಟ್ ಗಾರ್ಡ್ ಗೌರೀಶ ಬೈಕಿನ ಮೇಲೆ ಬಂದು, ಅಳತೆಯ ಟೇಪು ಹಿಡಿದು ಅಂಗಳದಲ್ಲಿ ನಿಂತು, ಮಾಲು ಎಲ್ಲಿದೆ ಎಂದು ಕೇಳಿದ. ಕಾಶಿನಾಥ ತೆರೆದ ಬಾಗಿಲಿನೊಳಗೆ, ಅಂಗಡಿಯಿಂದ ಮರಳಿ ಗೂಟಕ್ಕೇರಿದ್ದ ಗಿಟಾರಿನ ಕಡೆ ಕೈ ತೋರಿಸಿದ. ಗೌರೀಶ ಗಿಟಾರನ್ನು ನೋಡಿದ, ಅದರ ಹಿಂದಿನ ಗೋಡೆಯನ್ನು ನೋಡಿದ, ಹಿತ್ತಲಿಗೆ ಹೋಗಿ ಬಂದ. ತೊಲೆಗಳು ಎಲ್ಲಿವೆ ಎಂದು ಕೇಳಿದ. ತೊಲೆಯೆಂಬುದಿಲ್ಲ, ಇರುವುದು ಈ ಪಟ್ಟಿಯೊಂದೇ ಎಂದು ತಿಳಿದಾಗ ಅವನ ಮುಖ ಸಣ್ಣದಾಯಿತು. ಬಂದದ್ದಕ್ಕೆ ಅದನ್ನೇ ಅಳೆದ. ಬೀಟೆ ಹೌದೋ ಅಲ್ಲವೋ ಹೇಳಬೇಕು, ಹೌದಾದರೆ ಗಿಟಾರನ್ನು ಒಯ್ಯಬೇಕಾಗುತ್ತದೆ, ನೀವೂ ಕಚೇರಿಗೆ ಬರಬೇಕಾಗುತ್ತದೆ ಎಂದ.

ಕಚೇರಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಕಾಶಿನಾಥನ ಸಂಶೋಧನೆಯೆಲ್ಲ ತಲೆಕೆಳಗಾಯಿತು. “ಡುಪ್ಲಿಕೇಟ್ ಐತ್ರಿ” ಎಂದ. “ಅಗದಿ ಡುಪ್ಲಿಕೇಟ್. ಜಾಲಿ ಕಟಿಗಿ. ಕೊಬ್ರಿ ಎಣ್ಣಿ ಕುಡದು ಕರ್ರಗಾಗೇತಿ.”

ಇಷ್ಟರಲ್ಲಿ ಬೈಕಿನ ಸಪ್ಪಳ ಕೇಳಿ ಬಂದಿದ್ದ ಓಣಿಯ ಮಂದಿಯೊಳಗಿನಿಂದ ಮಡಿವಾಳೆಪ್ಪ ಮುಂದೆ ಬಂದ. ತನ್ನ ನಾಲಿಗೆಗೆ ಊರಿನೆದುರು ಅವಮಾನವಾಗುವುದನ್ನು ಅವನು ಸಹಿಸಲಾರ.

“ಬೀಟಿ ಐತ್ರಿ ಸಾಹೇಬ್ರ. ನಾ ತಿಂದು ನೋಡೇನಿ.”

“ಜಾಲಿ ಐತ್ರಿ” ಎಂದ ಕಾಶಿನಾಥ.

“ಬ್ರೆಜಿಲ್ ಅಂದಾಂವ ಯಾರಲೇ? ನೀನೋ ನಾನೋ?”

“ನಾ ಕೇಳಿದ್ನಿ. ಹೇಳಿದಾಂವ ನೀ.”

“ಸಾಹೇಬ್ರ, ನೀವ ಒಂದೀಟು ನೆಕ್ಕಿ ನೋಡ್ರಿ” ಎಂದು ಮಡಿವಾಳೆಪ್ಪ ಒಳಗೆ ಹೋಗಿ ಗಿಟಾರನ್ನು ಇಳಿಸಿ ಗಾರ್ಡನ ಬಾಯಿಯ ಹತ್ತಿರ ತಂದ. ಇಲಾಖೆಯಲ್ಲಿ ನೆಕ್ಕುವುದಕ್ಕೆ ಅವಕಾಶವಿಲ್ಲವೆಂದು ಗೌರೀಶ ವಿನಯದಿಂದ ಹೇಳಿ ಹಿಂದೆ ಸರಿದ.

ಕಾಶಿನಾಥನಿಗೆ ಉಳಿದಿದ್ದ ದಿಕ್ಕು ಮಾಬುಸಾಬ ಒಬ್ಬನೇ. ಈ ಗಿಟಾರಿನಲ್ಲಿ ಮೂಲದ್ದು ಏನಿದೆ, ನೀವೇ ಹೇಳಿರಿ ಎಂದು ಬೇಡಿಕೊಂಡ. ಮಾಬುಸಾಬ ಟೋಪಿ ಸರಿಮಾಡಿಕೊಂಡ. ಅಮೆರಿಕದವರ ಹೆಸರಿನಲ್ಲಿ ಹೊಗಳಿಸಿಕೊಂಡದ್ದು ಆಗಿತ್ತು. ಈಗ ಸರಕಾರದ ಎದುರು ತನ್ನ ಹೆಸರಿನಲ್ಲೇ ಹೊಗಳಿಸಿಕೊಳ್ಳುವ ಯೋಗ ಬಂದಿತ್ತು. ಬೆಸುಗೆ ತನ್ನದೆಂದ. ಗುಂಡಿ ತಾನು ಹಾಕಿದ್ದೆಂದ. ತಗಡು ಹಳೆಯ ಸಿನಿಮಾ ಟಾಕೀಸಿನ ಬೋರ್ಡು ಕತ್ತರಿಸಿ ಕೂಡಿಸಿದ್ದೆಂದ. ಮಂದಿ ಬೆರಗಾಗಿ ನೋಡುತ್ತಿದ್ದಂತೆ ಅವನಿಗೆ ತಡೆಯಲಾಗಲಿಲ್ಲ. ಕಿವಿ ತನ್ನವು, ಕುತ್ತಿಗೆ ತನ್ನದು, ಕಡೆಗೆ ಇಡೀ ಮೈಯನ್ನೂ ತಾನೇ, ತಮ್ಮ ಹಿತ್ತಲ ಬಾಗಿಲಿನ ಹಲಗೆಯಿಂದ ಕೊರೆದದ್ದೆಂದ. ರೈಲ್ವೆ ಸಾಹೇಬನೆಂಬವನು ಹುಟ್ಟಿದ್ದನೋ ಇಲ್ಲವೋ ಎಂಬ ಅನುಮಾನ ಅಲ್ಲಿದ್ದವರಿಗೆಲ್ಲ ಬಂತು.

ಆಗ ಬಾಗಿಲಲ್ಲಿ ನಿಂತಿದ್ದ ಶಾರದವ್ವ ಅಂಗಳಕ್ಕೆ ಇಳಿದಳು.

“ಮಾಬುಸಾಬ, ನಿಮ್ಮ ಹಿತ್ತಲಕ್ಕ ಬಾಗಲಾ ಯಾವಾಗಿತ್ತಪಾ?”

ಮಾಬುಸಾಬ ಟೋಪಿಯನ್ನು ಮತ್ತೆ ಸರಿಮಾಡಿಕೊಂಡ.

“ಸಾಹೇಬ್ರ” ಎಂದು ಅವಳು ಗಾರ್ಡನ ಕಡೆ ತಿರುಗಿದಳು, “ಒರಿಜಿನಲ್ ಐತಿ. ನಮ್ಮ ಮನಿಯವರು ಲಿಂಗಾ ಮುಟ್ಟಿ ಹೇಳ್ಯಾರ. ಬೀಟಿ ಅಂತ ಬರಕೋರಿ, ಜಪ್ತಿ ಮಾಡ್ರಿ, ಇಂವನ್ನೂ ಒಯ್ರಿ.”

“ಯವ್ವಾ, ನನ್ನ ಒಳಗ ಹಾಕ್ತಾರ ಬೇ.”

“ಎರಡ ದಿನಾ ಕುಂತ ಬಾ. ನಿಮ್ಮಪ್ಪನ ಮಾತಿಗಿಂತ ಹೆಚ್ಚಿನಾಂವೇನು ನೀ?”

ಗೌರೀಶ ತನ್ನ ನೌಕರಿಯಲ್ಲಿ ಕಳ್ಳರನ್ನು ನೋಡಿದ್ದ, ಕಳ್ಳತನ ಒಪ್ಪದವರನ್ನು ನೋಡಿದ್ದ. ಮಾಲು ಜಪ್ತಿ ಮಾಡಿ, ಮಗನನ್ನೂ ಒಯ್ಯಿರೆಂದು ಹಟ ಹಿಡಿದ ಮುದುಕಿಯನ್ನು ಕಂಡದ್ದು ಇದೇ ಮೊದಲು. ನೇತ್ರಾ ತಂದುಕೊಟ್ಟ ಗಿರಮಿಟ್ಟು ತಿಂದು, ಚಹಾ ಕುಡಿದು, ಸ್ವಲ್ಪ ಹೊತ್ತು ಯೋಚಿಸಿದ. ಆರೋಪಿಯೇ ನಕಲಿಯೆನ್ನುತ್ತಾನೆ, ಸಾಕ್ಷಿದಾರ ಬಾಗಿಲಿನ ಹಲಗೆಯೆನ್ನುತ್ತಾನೆ, ಮಾಲು ರೊಟ್ಟಿಯಷ್ಟೂ ದಪ್ಪವಿಲ್ಲ. “ಡುಪ್ಲಿಕೇಟ್ ಐತಿ ಬಿಡ್ರಿ” ಎಂದು ಬೈಕು ಹತ್ತಿದ.

ಬೈಕಿನ ಧೂಳು ಇಳಿಯುವ ಮುಂಚೆಯೇ ಅಣ್ಣಿಗೇರಿಯಿಂದ ಫೋನು ಬಂತು. ಮಡಿವಾಳೆಪ್ಪನ ಮಗಳನ್ನು ಕೊಟ್ಟದ್ದು ಆ ಊರಿಗೇ. “ಸರಕಾರದಾಂವ ಬಂದು ಹೇಳಿದನಂತಲ್ಲ” ಎಂದು ಅಕ್ಕ ಕೇಳಿದಳು. ಅಷ್ಟು ಮೃದುವಾಗಿ ಆಕೆ ಜೀವಮಾನದಲ್ಲಿ ಮಾತಾಡಿರಲಿಲ್ಲ.

ಶಾರದವ್ವ ಅಂದಿನಿಂದ ಮಗನೊಡನೆ ಮಾತು ಬಿಟ್ಟಳು. ಹೇಳುವುದಿದ್ದರೆ ಸೊಸೆಯ ಮೂಲಕ ಹೇಳುತ್ತಿದ್ದಳು. ಡುಪ್ಲಿಕೇಟ್ ರೊಟ್ಟಿ ಆಗಿವೆ, ಬಂದು ತಿನ್ನಲಿ. ಡುಪ್ಲಿಕೇಟ್ ನೀರು ಕಾದಿವೆ, ಸ್ನಾನ ಮಾಡಲಿ. ಇದಕ್ಕಿಂತ ಕೆಟ್ಟದ್ದು ಅಂಗಡಿಯಲ್ಲಿ ಆಯಿತು. ಇದು ಒರಿಜಿನಲ್ಲೇ ಎಂದು ಕೇಳಿದ ರೈತನಿಗೆ ಕಾಶಿನಾಥ ಅಭ್ಯಾಸದಂತೆ ‘ಅಗದಿ’ ಎಂದು ಬಾಯಿ ತೆರೆದರೆ, ಗಾರ್ಡು ಬಂದರೂ ಹೀಗೇ ಹೇಳುತ್ತೀರೋ ಎಂದು ಅವನು ಕೇಳುತ್ತಿದ್ದ.

ಒಂದು ಮುಂಜಾನೆ ಗೂಟ ಖಾಲಿಯಾಗಿತ್ತು, ಶಾರದವ್ವನೂ ಇರಲಿಲ್ಲ. ಅತ್ತೆ ಗಿಟಾರನ್ನು ಕೌದಿಯಲ್ಲಿ ಸುತ್ತಿಕೊಂಡು, ಕೂಸನ್ನು ದವಾಖಾನೆಗೆ ಒಯ್ಯುವವರಂತೆ ಎದೆಗವಚಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದ್ದಾರೆ, ಅಲ್ಲಿಂದ ಕಲಘಟಗಿ ಕಡೆಯ ಅರಣ್ಯ ಕಚೇರಿಗೆ ಹೋಗುತ್ತಾರಂತೆ ಎಂದು ನೇತ್ರಾ ಹೇಳಿದಳು. ಯಾಕೆ ತಡೆಯಲಿಲ್ಲವೆಂದು ಕಾಶಿನಾಥ ಕೇಳಿದ. ನೀವು ತಡೆದು ನೋಡಿರಿ ಎಂದಳು.

ಕಾಶಿನಾಥ ಬೈಕಿನ ಮೇಲೆ ಕಲಘಟಗಿ ರಸ್ತೆಯ ಅರಣ್ಯ ಕಚೇರಿ ಮುಟ್ಟಿದಾಗ ಶಾರದವ್ವ ಅಧಿಕಾರಿಯ ಎದುರಿನ ಕುರ್ಚಿಯಲ್ಲಿ ಕುಳಿತಿದ್ದಳು. ಮೇಜಿನ ಮೇಲಿದ್ದ ಕಾಗದಗಳನ್ನೆಲ್ಲ ಬದಿಗೆ ಸರಿಸಿ ಗಿಟಾರನ್ನು ಮಲಗಿಸಲಾಗಿತ್ತು. ಅಧಿಕಾರಿ ರಜಿಯಾಬೇಗಂ ಎಂಬವರು, ನಡುವಯಸ್ಸಿನ ಹೆಣ್ಣುಮಗಳು. ಪಾಟ್ಲಿಯಿಂದ ಹಿಡಿದು ಡುಪ್ಲಿಕೇಟ್ ರೊಟ್ಟಿಯವರೆಗಿನ ಕಥೆಯನ್ನು ಅವರು ಆಗಲೇ ಕೇಳಿಯಾಗಿತ್ತು. ಗೌರೀಶ ಮೂಲೆಯಲ್ಲಿ ಗೋಡೆಗೆ ಹತ್ತಿ ನಿಂತಿದ್ದ.

“ಇವರ ಏನ್ರಿ ನಿಮ್ಮ ಮಗ?” ಎಂದು ರಜಿಯಾಬೇಗಂ ಕೇಳಿದರು.

“ಸರಕಾರದ ಮುಂದ ಸುಳ್ಳ ಹೇಳಿದಾಂವ ಇಂವನ” ಎಂದಳು ಶಾರದವ್ವ.

ಕಾಶಿನಾಥ ಕೈಮುಗಿದು, ಅದು ಬೀಟೆಯಲ್ಲವೆಂದು ಮೊದಲುಮಾಡಿದ. ಅಧಿಕಾರಿ ಬೆರಳೆತ್ತಿದ್ದರಿಂದ ಅಲ್ಲಿಗೇ ನಿಂತ. ಅವರು ಖಾನೆಯಿಂದ ಭೂತಗನ್ನಡಿ ತೆಗೆದು, ಗಿಟಾರಿನ ಮೇಲೆ ಬಾಗಿ, ಕಪ್ಪು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮಡಿವಾಳೆಪ್ಪನ ಉಗುರು ಕೆರೆದ ಜಾಗದ ಹತ್ತಿರ ಬಹಳ ಹೊತ್ತು ನಿಂತರು. ಕೆರೆದ ಮೂಲೆಯ ಹಸಿರು, ಕೆಂಪು, ನೀಲಿಯನ್ನೂ ನೋಡಿದರು. ಗನ್ನಡಿಯ ಮೇಲಿನಿಂದ ಕಣ್ಣೆತ್ತಿ ಒಮ್ಮೆ ಶಾರದವ್ವನ ಬೋಳು ಮಣಿಕಟ್ಟುಗಳನ್ನು ನೋಡಿದರು. ಅವರಿಗೆ ಕಂಡದ್ದೇನೆಂದು ಅವರಿಗೇ ಗೊತ್ತು. ಗನ್ನಡಿಯನ್ನು ಖಾನೆಗೆ ಹಾಕಿದರು.

“ಬೀಟಿನ ಐತ್ರಿ ಅಜ್ಜಿ. ಒರಿಜಿನಲ್. ನಮ್ಮ ಗೌರೀಶಗ ಗುರ್ತು ಹತ್ತಿಲ್ಲ.”

ಗೌರೀಶ ಗೋಡೆಗೆ ಇನ್ನಷ್ಟು ಹತ್ತಿಕೊಂಡ. ಕಾಶಿನಾಥ ಬೆಂಚಿನ ಮೇಲೆ ಕುಸಿದ. ಆದರೆ ಇಷ್ಟು ಹಳೆಯ ಸಾಮಾನನ್ನು ಜಪ್ತಿ ಮಾಡುವ ಕಾರಣವಿಲ್ಲ, ಅದು ಅಜ್ಜಿಯ ತಾಬೆಯಲ್ಲಿಯೇ ಇರಲಿ, ಇನ್ನು ಮೇಲೆ ಯಾರೂ ಅದನ್ನು ಕೆರೆಯಬಾರದು, ತಿನ್ನಲೂಬಾರದು ಎಂದು ಅಧಿಕಾರಿ ಗಂಭೀರವಾಗಿ ಹೇಳಿದರು.

ಶಾರದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ, ಈ ಮಾತನ್ನೇ ಅಣ್ಣಿಗೇರಿಗೆ ಫೋನಿನಲ್ಲಿ ಒಮ್ಮೆ ಹೇಳಲಾದೀತೇ ಎಂದು ಕೇಳಿದಳು. ಇಲಾಖೆಯಲ್ಲಿ ಇದಕ್ಕೂ ಅವಕಾಶವಿರಲಿಲ್ಲವೆಂದು ತೋರುತ್ತದೆ, ಆದರೂ ರಜಿಯಾಬೇಗಂ ಕೈಚಾಚಿದರು. ಕಾಶಿನಾಥ ತನ್ನ ಮೊಬೈಲಿನಿಂದ ದೊಡ್ಡವ್ವನಿಗೆ ಫೋನು ಹಚ್ಚಿ, ಆಕೆಯ ಕಿವಿಯ ನೆನಪಾಗಿ ಸ್ಪೀಕರಿಗೆ ಹಾಕಿ, ಮೇಜಿನ ಮೇಲೆ ಇಟ್ಟ. ಅಧಿಕಾರಿ ತಮ್ಮ ಹುದ್ದೆ ಹೇಳಿದರು, ಹೆಸರು ಹೇಳಿದರು, ಗಿಟಾರಿನ ಕಟ್ಟಿಗೆ ನಿಜವಾದ ಬೀಟೆ, ಒಂದು ನೂಲಿನಷ್ಟೂ ಸಂಶಯವಿಲ್ಲ ಎಂದು ದೊಡ್ಡ ದನಿಯಲ್ಲಿ ಹೇಳಿದರು. ಶಾರದವ್ವ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಇಷ್ಟು ವರ್ಷ ಕಾದವಳಿಗೆ ಇನ್ನೊಂದು ಗಳಿಗೆ ಭಾರವೇನಲ್ಲ.

“ಖರೇ ಏನ್ರಿ?” ಎಂದಿತು ಫೋನು.

“ಖರೇ ಐತ್ರಿ ಅವ್ವಾರ.”

“ಹಂಗಾದ್ರ ಸಾಹೇಬ್ರ, ಅದರಾಗ ನಂದೂ ಪಾಲೈತಿ. ಬರಕೋರಿ. ಪಾಟ್ಲಿ ಸಾಲಲಿಲ್ಲಂತ ಈರಭದ್ರಪ್ಪ ನಮ್ಮ ಮನಿಗೆ ಬಂದು ನನ್ನ ಕಿವ್ಯಾಗಿನ ಬುಗುಡಿ ಇಸಗೊಂಡು ಹೋಗಿದ್ದ. ಆಕಿಗೆ ಹೇಳಬ್ಯಾಡ ಅಂದಿದ್ದ.”

ಶಾರದವ್ವ ಮೇಜಿನ ಮೇಲೆ ಬಾಗಿದಳು. “ಇಷ್ಟ ವರ್ಷ ಯಾಕ ಹೇಳಲಿಲ್ಲ ಬೇ ನೀ?”

“ಕಟಿಗಿಗೆ ಕೊಟ್ಟೇನಂತ ಯಾವ ಬಾಯಿಲೆ ಹೇಳಲಿ? ಈಗ ಒರಿಜಿನಲ್ ಅಂತ ಸರಕಾರನ ಹೇಳಾಕತ್ತೇತಿ. ನಾಳೆ ಬರ್ತೇನಿ, ಆರ ತಿಂಗಳಾ ನಿಮ್ಮ ಮನ್ಯಾಗಿರಲಿ, ಆರ ತಿಂಗಳಾ ನಮ್ಮ ಮನ್ಯಾಗ.”

ಶಾರದವ್ವ ಕೈ ನೀಡಿ ಫೋನನ್ನು ಬೋರಲು ಹಾಕಿದಳು. ಗಿಟಾರನ್ನು ಕೌದಿಯಿಂದ ಅರ್ಧ ಮುಚ್ಚಿ, ಕೌದಿಯನ್ನು ಮತ್ತೆ ಸರಿಸಿ, ಅದನ್ನು ಅಧಿಕಾರಿಯ ಕಡೆ ಮೆಲ್ಲಗೆ ನೂಕಿದಳು.

“ಸಾಹೇಬ್ರ” ಎಂದಳು, “ಇನ್ನೊಮ್ಮಿ ಗನ್ನಡಿ ಹಚ್ಚಿ ನೋಡ್ರಿ. ನನಗ್ಯಾಕೋ ಜಾಲಿ ಇದ್ದಂಗ ಕಾಣಾಕತ್ತೇತಿ.”